ಗೆಲ್ಲುವವರು ಬೇರೆ, ಗೆಲ್ಲಬೇಕಾದವರು ಬೇರೆ



ಈ ಸಲ ಒಂದು ಜಗಳವನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ. ಅದು ಶುರುವಾದದ್ದು ಭಾನುವಾರದ ಪೂಜೆ ಮುಗಿದ ಮೇಲೆ, ಇಗರ್ಜಿಯ ಹಿಂದಿನ ಹಾಲ್‌ನಲ್ಲಿ, ಕ್ವಾಯರ್ ಅಭ್ಯಾಸಕ್ಕೆ ಗಿಟಾರ್ ಶ್ರುತಿ ಮಾಡುತ್ತಿದ್ದಾಗ. ಪ್ರಶ್ನೆ ಇಷ್ಟೇ: ಅಮೆರಿಕದ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಕೊಡುವ ‘ವರ್ಷದ ಹೊಸ ಕಲಾವಿದ’ ಪ್ರಶಸ್ತಿ ಈ ವರ್ಷ ಯಾರಿಗೆ?

ಎಲ್ಲಿಯ ನ್ಯಾಶ್‌ವಿಲ್, ಎಲ್ಲಿಯ ನಮ್ಮ ಗಡಿನಾಡು ಎಂದು ನಗಬೇಡಿ. ನಮ್ಮ ಮನೆಗಳ ಕಪಾಟಿನಲ್ಲಿ ಅಪ್ಪಂದಿರ ಕಾಲದ ಜಿಮ್ ರೀವ್ಸ್ ಕ್ಯಾಸೆಟ್‌ಗಳು ಇನ್ನೂ ಇವೆ. ಕ್ವಾಯರ್‌ನಲ್ಲಿ ಗಿಟಾರ್ ಹಿಡಿದವರಲ್ಲಿ ಅರ್ಧ ಮಂದಿ ಮೊದಲ ಮೂರು ಕಾರ್ಡ್ ಕಲಿತದ್ದೇ ಕಂಟ್ರಿ ಹಾಡುಗಳಿಂದ. ಆದ್ದರಿಂದ ಈ ಜಗಳಕ್ಕೆ ನಮಗೂ ಒಂದಿಷ್ಟು ಹಕ್ಕಿದೆ.

ಮೊಂತಿ ಹಬ್ಬದ ದಿನವೇ, ಸೆಪ್ಟೆಂಬರ್ 8ಕ್ಕೆ, ಪಟ್ಟಿ ಪ್ರಕಟವಾಯಿತು. ಐದು ಹೆಸರು: ಎಲಾ ಲ್ಯಾಂಗ್ಲಿ, ಶಬೂಝಿ, ಝ್ಯಾಕ್ ಟಾಪ್, ಟಕರ್ ವೆಟ್‌ಮೋರ್, ಸ್ಟೀಫನ್ ವಿಲ್ಸನ್ ಜೂನಿಯರ್. ಫಲಿತಾಂಶ ನವೆಂಬರ್ 19ರ ರಾತ್ರಿ, ನ್ಯಾಶ್‌ವಿಲ್‌ನ ಬ್ರಿಡ್ಜ್‌ಸ್ಟೋನ್ ಅರೀನಾದಲ್ಲಿ. ನಮಗಾಗ 20ರ ಬೆಳಗಾಗಿರುತ್ತದೆ.

ಹಾಲ್‌ನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: “ಝ್ಯಾಕ್ ಟಾಪ್‌ಗೇ ಬರುತ್ತದೆ.” ನಾವೂ ಅದನ್ನೇ ಹೇಳುತ್ತೇವೆ. ಮೇ ತಿಂಗಳಲ್ಲಿ ಇನ್ನೊಂದು ಸಂಸ್ಥೆ, ಅಕಾಡೆಮಿ ಆಫ್ ಕಂಟ್ರಿ ಮ್ಯೂಸಿಕ್, ಹೊಸ ಗಾಯಕರ ಪ್ರಶಸ್ತಿಯನ್ನು ಅವರಿಗೇ ಕೊಟ್ಟಿತು. ಈಗಿನ ಪಟ್ಟಿಯಲ್ಲಿ ಒಟ್ಟು ಐದು ವಿಭಾಗಗಳಲ್ಲಿ ಅವರ ಹೆಸರಿದೆ. ಇಲ್ಲಿ ಮತ ಹಾಕುವವರು ಹಾಡು ಕೇಳುವ ಜನರಲ್ಲ, ಸಂಸ್ಥೆಯ ಸದಸ್ಯರು. ಅಂದರೆ ಗಾಯಕರು, ಹಾಡು ಬರೆಯುವವರು, ರೇಡಿಯೊದವರು, ರೆಕಾರ್ಡ್ ಕಂಪನಿಯವರು. ಅವರಿಗೆ ಝ್ಯಾಕ್ ಟಾಪ್ ದನಿ ಕೇಳಿದರೆ ತಮ್ಮ ಹರೆಯ ನೆನಪಾಗುತ್ತದೆ. 1990ರ ದಶಕದ ಕಂಟ್ರಿಯನ್ನು ಅಷ್ಟು ಚೆನ್ನಾಗಿ ಹಾಡುವ ಹುಡುಗ ಅವರು.

ಊಹೆ ಅಲ್ಲಿಗೆ ಮುಗಿಯಿತು. ನಮ್ಮ ತಕರಾರು ಶುರುವಾಗುವುದು ಅದರ ಮುಂದಿನ ಮಾತಿನಿಂದ: “ಬರುತ್ತದೆ ಅಂದಮೇಲೆ ಅವರೇ ಯೋಗ್ಯರು ಬಿಡಿ.” ಇದನ್ನು ನಾವು ಒಪ್ಪುವುದಿಲ್ಲ. ಯಾರಿಗೆ ಬರುತ್ತದೆ ಎನ್ನುವುದು ಮತ ಹಾಕುವವರ ಬಗೆಗಿನ ಲೆಕ್ಕ. ಯಾರಿಗೆ ಸಲ್ಲಬೇಕು ಎನ್ನುವುದು ಹಾಡುಗಾರನ ಬಗೆಗಿನ ತೀರ್ಪು. ಮೊದಲನೆಯದು ಹವಾಮಾನ ವರದಿ ಇದ್ದ ಹಾಗೆ. ಮಳೆ ಬರುತ್ತದೆ ಎಂದು ಹೇಳಿದವನು ಮಳೆ ಬರುವುದು ನ್ಯಾಯ ಎಂದೇನೂ ಹೇಳಿದಂತಾಗುವುದಿಲ್ಲ. ಇವೆರಡನ್ನೂ ಒಂದೇ ಮಾಡಿಕೊಂಡರೆ ಗೆದ್ದವರೆಲ್ಲ ಯೋಗ್ಯರು, ಸೋತವರೆಲ್ಲ ಅಯೋಗ್ಯರು ಎಂದಾಗುತ್ತದೆ. ಹಾಗೆ ಯೋಚಿಸುವುದನ್ನು ಕಲಿತರೆ ಅದು ಹಾಡಿನ ವಿಷಯಕ್ಕೆ ಮಾತ್ರ ನಿಲ್ಲುವುದಿಲ್ಲ.

ಈ ಪ್ರಶಸ್ತಿಯ ಚರಿತ್ರೆಯನ್ನೇ ನೋಡಿ. 1981ರಲ್ಲಿ ‘ಹೊರೈಜನ್’ ಎಂಬ ಹೆಸರಿನಲ್ಲಿ ಅದು ಶುರುವಾಯಿತು. 1990ರಲ್ಲಿ ಗಾರ್ತ್ ಬ್ರೂಕ್ಸ್‌ಗೆ, 2007ರಲ್ಲಿ ಟೇಲರ್ ಸ್ವಿಫ್ಟ್‌ಗೆ ಬಂತು. “ನೋಡಿ, ಎಷ್ಟು ಸರಿಯಾಗಿ ಗುರುತಿಸಿದರು!” ಎನ್ನುತ್ತಾರೆ. ಆದರೆ ಮೊಟ್ಟಮೊದಲು ಅದನ್ನು ಪಡೆದ ಟೆರಿ ಗಿಬ್ಸ್ ಯಾರೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕಣ್ಣು ಕಾಣದ, ಪಿಯಾನೊ ನುಡಿಸುವ ಗಾಯಕಿ. ಕೆಲವೇ ವರ್ಷಗಳಲ್ಲಿ ಅವರು ಗಾಸ್ಪೆಲ್ ಹಾಡುಗಳತ್ತ ಹೊರಳಿದರು. ಆಮೇಲೆ ತಾರೆಯಾಗಿ ಮೆರೆಯಲಿಲ್ಲ ಎಂಬ ಕಾರಣಕ್ಕೆ 1981ರ ತೀರ್ಪು ತಪ್ಪು ಎನ್ನೋಣವೇ? ಪ್ರಶಸ್ತಿ ಭವಿಷ್ಯ ಹೇಳುವುದಕ್ಕಲ್ಲ. ಆ ಹೊತ್ತಿನಲ್ಲಿ ಯಾರು ಏನು ಮಾಡಿದರು ಎಂದು ಗುರುತಿಸುವುದಕ್ಕೆ.

‘ಹೊಸ’ ಎಂದರೆ ಎಳೆಯ ವಯಸ್ಸು ಎಂದೂ ಅಲ್ಲ. 2009ರಲ್ಲಿ ಡೇರಿಯಸ್ ರಕರ್ ಇದನ್ನು ಪಡೆದಾಗ ಅವರಿಗೆ 43 ವರ್ಷ. ಅದಕ್ಕೆ ಮೊದಲೇ ತಮ್ಮ ರಾಕ್ ತಂಡದೊಂದಿಗೆ ಹೊಸ ಕಲಾವಿದರ ಗ್ರ್ಯಾಮಿಯನ್ನೂ ಗೆದ್ದಿದ್ದರು! 2023ರಲ್ಲಿ ಗೆದ್ದ ಜೆಲ್ಲಿ ರೋಲ್‌ಗೆ 38. ಹಲವು ಸಲ ಜೈಲಿಗೆ ಹೋಗಿ ಬಂದವರು. ಮಗಳು ಹುಟ್ಟಿದ ಸುದ್ದಿ ಅವರಿಗೆ ಸಿಕ್ಕಿದ್ದೂ ಜೈಲಿನ ಕೋಣೆಯಲ್ಲೇ. ಆ ವರ್ಷದ ತಮ್ಮ ಆಲ್ಬಮ್‌ಗೆ ತಾವು ದೀಕ್ಷಾಸ್ನಾನ ಪಡೆದ ‘ವಿಟ್‌ಸಿಟ್ ಚಾಪೆಲ್’ನ ಹೆಸರನ್ನೇ ಇಟ್ಟರು.

ಹಾಗಾದರೆ ‘ಹೊಸ’ ಎಂದರೇನು? ನಮ್ಮ ಅಳತೆ ಒಂದೇ: ನಿನ್ನೆಯವರೆಗೆ ಈ ಮನೆಯಲ್ಲಿ ಇಲ್ಲದ ಏನನ್ನು ಇವರು ಒಳಗೆ ತಂದರು?

ಈ ಅಳತೆ ಹಿಡಿದರೆ ಪ್ರಶಸ್ತಿ ಶಬೂಝಿಗೆ ಸಲ್ಲಬೇಕು. ಕಳೆದ ವರ್ಷವೇ ಸಲ್ಲಬೇಕಿತ್ತು.

2024ರಲ್ಲಿ ಅವರ ‘ಎ ಬಾರ್ ಸಾಂಗ್’ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿತ್ತು. ಆಗ ಅದಕ್ಕಿಂತ ಹೆಚ್ಚು ವಾರ ಅಲ್ಲಿ ನಿಂತ ಹಾಡು ಇರಲಿಲ್ಲ. ಸಮ ಮಾಡಿದ್ದು ಒಂದೇ ಒಂದು: 2019ರ ‘ಓಲ್ಡ್ ಟೌನ್ ರೋಡ್’. ಆ ಹಾಡನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದಲೇ ತೆಗೆದುಹಾಕಿತ್ತು, ಇದರಲ್ಲಿ ಕಂಟ್ರಿ ಸಾಲದು ಎಂದು. ಐದು ವರ್ಷದ ನಂತರ ಶಬೂಝಿಯ ಹಾಡು ಕಂಟ್ರಿ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೆ ಬಂತು, ಕಂಟ್ರಿ ರೇಡಿಯೊದಲ್ಲೂ ಬಂತು. ಮುಚ್ಚಿದ್ದ ಬಾಗಿಲು ಹೀಗೆ ತೆರೆಯಿತು. ಆದರೆ ಕಳೆದ ನವೆಂಬರ್‌ನಲ್ಲಿ ಹೊಸ ಕಲಾವಿದರ ಪ್ರಶಸ್ತಿ ಮೇಗನ್ ಮೊರೊನಿಗೆ ಹೋಯಿತು. ಅವರ ಪ್ರತಿಭೆಯ ಬಗ್ಗೆ ನಮಗೆ ಎರಡು ಮಾತಿಲ್ಲ. ಶಬೂಝಿ ಮಾತ್ರ ಎರಡು ನಾಮನಿರ್ದೇಶನ ಹೊತ್ತು ಬಂದು ಬರಿಗೈಯಲ್ಲಿ ಹೋದರು.

ಈಗ ಎದುರು ವಾದಗಳಿಗೆ ಬರೋಣ. ಹಾಲ್‌ನಲ್ಲಿ ಮೂರು ಬಂದವು.

ಮೊದಲನೆಯದು: “ಅದು ಕುಡಿತದ ಹಾಡು. ಇಗರ್ಜಿಯ ಮಕ್ಕಳು ಅದನ್ನು ಹೊಗಳುವುದೇ?” ಇದನ್ನು ತಳ್ಳಿಹಾಕುವುದಿಲ್ಲ. ಕುಡಿತ ಮನೆಗಳನ್ನು ಏನು ಮಾಡುತ್ತದೆ ಎಂದು ನಮ್ಮ ಊರಿನಲ್ಲಿ ಕಣ್ಣಾರೆ ಕಂಡಿದ್ದೇವೆ. ಆದರೆ ಅಳತೆ ಎಲ್ಲರಿಗೂ ಒಂದೇ ಇರಬೇಕಲ್ಲ? ಝ್ಯಾಕ್ ಟಾಪ್ ಅವರ ಆಲ್ಬಮ್‌ನ ಹೆಸರೇ ‘ಕೋಲ್ಡ್ ಬಿಯರ್ ಅಂಡ್ ಕಂಟ್ರಿ ಮ್ಯೂಸಿಕ್’. ಎಲಾ ಲ್ಯಾಂಗ್ಲಿಯ ಆಲ್ಬಮ್ ‘ಹಂಗೋವರ್’. ಟಕರ್ ವೆಟ್‌ಮೋರ್‌ಗೆ ಹೆಸರು ತಂದ ಹಾಡುಗಳಲ್ಲೊಂದು ‘ವೈನ್ ಇಂಟು ವಿಸ್ಕಿ’. ಈ ಜರಡಿ ಹಿಡಿದರೆ ಐದರಲ್ಲಿ ನಾಲ್ಕು ಹೆಸರು ಕೆಳಗೆ ಬೀಳುತ್ತವೆ. ಶಬೂಝಿಯ ಹಾಡನ್ನು ಪೂರ್ತಿ ಕೇಳಿದವರಿಗೆ ಇನ್ನೊಂದು ಗೊತ್ತು. ಬಾರ್‌ಗೆ ಹೋಗುವ ಮೊದಲು ಆ ಮನುಷ್ಯ ಹೇಳಿಕೊಳ್ಳುವುದು ಸಂಬಳ ಸಾಲದ, ಪೆಟ್ರೋಲು ದಿನಸಿಗಳ ಬೆಲೆ ಏರಿದ ಕಷ್ಟವನ್ನು. ದುಡಿದು ದಣಿದವನ ಗೊಣಗಾಟ ಅದು. ಅವನು ಹಿಡಿದ ದಾರಿ ಸರಿ ಎಂದು ನಾವು ಹೇಳುತ್ತಿಲ್ಲ. ಅವನ ದಣಿವು ಸುಳ್ಳಲ್ಲ ಎನ್ನುತ್ತಿದ್ದೇವೆ.

ಎರಡನೆಯದು: “ಅದು ಕಂಟ್ರಿಯೇ ಅಲ್ಲ. 2004ರ ಒಂದು ಹಿಪ್‌ಹಾಪ್ ಹಾಡಿನ ಮೇಲೆ ಕಟ್ಟಿದ್ದು.” ನಿಜ, ಜೆ-ಕ್ವಾನ್‌ನ ‘ಟಿಪ್ಸಿ’ಯ ಮೇಲೆ ಕಟ್ಟಿದ್ದು. ಆದರೆ ಕಂಟ್ರಿ ಯಾವಾಗ ಕಡ ತರದೆ ಬದುಕಿದೆ? ಅದರ ಗುರುತೇ ಆದ ಬ್ಯಾಂಜೊ ಆಫ್ರಿಕದಿಂದ ಗುಲಾಮರಾಗಿ ಬಂದವರ ವಾದ್ಯ. ಜಿಮ್ಮಿ ರಾಜರ್ಸ್ ಹಾಡಿದ್ದು ಬ್ಲೂಸ್. ಹ್ಯಾಂಕ್ ವಿಲಿಯಮ್ಸ್‌ಗೆ ಬಾಲ್ಯದಲ್ಲಿ ಗಿಟಾರ್ ಹೇಳಿಕೊಟ್ಟವರು ಬೀದಿಯಲ್ಲಿ ಹಾಡುತ್ತಿದ್ದ ಕಪ್ಪು ವರ್ಣೀಯ ರೂಫಸ್ ಪೇನ್. ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ಅಲೆದಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು. ಕಾರ್ಟರ್ ಮಾತು ಬರೆದುಕೊಂಡರೆ, ರಿಡಲ್ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ಮೌತ್ ಆರ್ಗನ್ ನುಡಿಸುತ್ತಿದ್ದ ಡಿಫೋರ್ಡ್ ಬೇಯ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೊ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರು. 1941ರಲ್ಲಿ ಅವರನ್ನು ಹೊರಗೆ ಹಾಕಿದರು. ಬೂಟು ಪಾಲಿಶ್ ಅಂಗಡಿ ನಡೆಸಿ ಬದುಕಿದರು. ಕಂಟ್ರಿಯ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2005ರಲ್ಲಿ, ಅವರು ತೀರಿಕೊಂಡು 23 ವರ್ಷಗಳಾದ ಮೇಲೆ. 1966ರಲ್ಲಿ ಚಾರ್ಲಿ ಪ್ರೈಡ್‌ನ ಮೊದಲ ಹಾಡುಗಳನ್ನು ಕಂಪನಿ ರೇಡಿಯೊಗಳಿಗೆ ಕಳಿಸಿದ್ದು ಫೋಟೊ ಇಲ್ಲದೆ. ಮುಖ ಕಂಡರೆ ಎಲ್ಲಿ ನುಡಿಸದೆ ಬಿಡುತ್ತಾರೋ ಎಂದು. ಅದೇ ಪ್ರೈಡ್ 1971ರಲ್ಲಿ ಇದೇ ಸಂಸ್ಥೆಯ ಅತ್ಯುನ್ನತ ಪ್ರಶಸ್ತಿ ಪಡೆದರು.

ಇದನ್ನೆಲ್ಲ ನಮಗೆ ಹುಡುಕಿ ಓದುವಂತೆ ಮಾಡಿದವರು ಶಬೂಝಿಯೇ. ಈ ವರ್ಷದ ಮೇ ತಿಂಗಳಲ್ಲಿ ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್ ವೇದಿಕೆಯಲ್ಲಿ ಕಾರ್ಟರ್ ಕುಟುಂಬವೇ ಕಂಟ್ರಿಯನ್ನು ಹುಟ್ಟುಹಾಕಿತು ಎಂಬರ್ಥದ ಸಾಲನ್ನು ಅವರ ಪಕ್ಕದಲ್ಲಿದ್ದವರು ಓದಬೇಕಾಯಿತು. ಆಮೇಲೆ ಶಬೂಝಿ ರಿಡಲ್, ಬೇಯ್ಲಿ ಮೊದಲಾದವರ ಹೆಸರು ಬರೆದು, ಇವರನ್ನೂ ಹುಡುಕಿ ನೋಡಿ ಎಂದರು. ಕಾರ್ಟರ್ ಕುಟುಂಬದ ಹೆಸರನ್ನೂ ಅದೇ ಸಾಲಿನಲ್ಲಿ ಸೇರಿಸಿದರು. ಯಾರನ್ನೂ ಮನೆಯಿಂದ ಹೊರಗೆ ಹಾಕಲಿಲ್ಲ. ಹೊರಗೆ ನಿಲ್ಲಿಸಿದ್ದವರನ್ನು ಒಳಗೆ ಕರೆದರು, ಅಷ್ಟೇ.

ಬಣ್ಣ ನೋಡಿ ಪ್ರಶಸ್ತಿ ಕೊಡಿ ಎಂದು ನಾವು ಕೇಳುತ್ತಿಲ್ಲ. ರಕರ್ ಪಡೆದಿದ್ದಾರೆ, 2021ರಲ್ಲಿ ಜಿಮ್ಮಿ ಆಲನ್ ಪಡೆದಿದ್ದಾರೆ. ಕೆಲಸ ನೋಡಿ ಕೊಡಿ ಎನ್ನುತ್ತಿದ್ದೇವೆ. ಹಳೆಯ ದನಿಯನ್ನು ಚೆನ್ನಾಗಿ ಕಾಪಾಡುವುದು ದೊಡ್ಡ ಗುಣ. ಝ್ಯಾಕ್ ಟಾಪ್‌ಗೆ ಅದಿದೆ. ಅದಕ್ಕೆ ಒಳ್ಳೆಯ ಗಾಯಕನ ಪ್ರಶಸ್ತಿ ಕೊಡಿ, ಒಳ್ಳೆಯ ಆಲ್ಬಮ್‌ನದ್ದೂ ಕೊಡಿ. ‘ಹೊಸ’ ಎಂದು ಬರೆದ ಫಲಕವನ್ನು ಹೊಸದನ್ನು ತಂದವರಿಗೆ ಬಿಡಿ.

ಮೂರನೆಯ ವಾದ ನಮ್ಮನ್ನು ನಿಜವಾಗಿ ಕಾಡಿತು: “ಶಬೂಝಿಗೆ ಹೆಸರಿದೆ, ಹಣವಿದೆ. ಅಗತ್ಯ ಇರುವವರಿಗೆ ಕೊಡಿ, ಸ್ಟೀಫನ್ ವಿಲ್ಸನ್‌ಗೆ.” ಇಂಡಿಯಾನಾದ ಈ 46 ವರ್ಷದ ಹಾಡುಗಾರ ಹಿಂದೆ ಬಾಕ್ಸಿಂಗ್ ಕಲಿತವರು, ಮೈಕ್ರೋಬಯಾಲಜಿ ಓದಿದವರು, ಆಹಾರ ಕಂಪನಿಯಲ್ಲಿ ವಿಜ್ಞಾನಿಯಾಗಿದ್ದವರು. ಆ ಕೆಲಸ ಬಿಟ್ಟು ಹಾಡು ಬರೆಯಲು ಕುಳಿತರು. 2018ರಲ್ಲಿ ಅಪ್ಪ ತೀರಿಕೊಂಡರು. ಆ ದುಃಖದಿಂದ ಹುಟ್ಟಿದ್ದು 22 ಹಾಡುಗಳ ‘ಸನ್ ಆಫ್ ಡ್ಯಾಡ್’. ಅಪ್ಪನನ್ನು ಕಳೆದುಕೊಂಡವರು ಅದನ್ನು ಒಂದೇ ಕೂರಿಕೆಯಲ್ಲಿ ಕೇಳುವುದು ಕಷ್ಟ. ನಮ್ಮಲ್ಲಿ ಇಬ್ಬರು ಕೊನೆಗೂ ವಿಲ್ಸನ್ ಪರವಾಗಿಯೇ ಉಳಿದರು. ಈ ಬರಹದ ‘ನಾವು’ ಅವರಿಬ್ಬರನ್ನು ಬಿಟ್ಟು ಎಂದು ಸ್ಪಷ್ಟವಾಗಿ ಹೇಳಲು ಹೇಳಿದ್ದಾರೆ, ಹೇಳಿದ್ದೇವೆ. ವಿಲ್ಸನ್ ಗೆದ್ದರೆ ನಾವೂ ಚಪ್ಪಾಳೆ ತಟ್ಟುತ್ತೇವೆ. ಆದರೆ ಅಗತ್ಯ ಬೇರೆ, ಅರ್ಹತೆ ಬೇರೆ. ಅಗತ್ಯ ನೋಡಿ ಕೊಟ್ಟರೆ ಅದು ಸಹಾಯ. ಪ್ರಶಸ್ತಿಯನ್ನು ಸಹಾಯ ಮಾಡಿದರೆ ವಿಲ್ಸನ್‌ಗೇ ಅವಮಾನ.

ಕೊನೆಗೆ ಒಂದು ಹೆಸರಿನ ಮಾತು. ನಾವು ಇಷ್ಟು ಹಟ ಹಿಡಿಯುವುದಕ್ಕೆ ನಿಜವಾದ ಕಾರಣ ಅದೇ.

ಕಳೆದ ವರ್ಷದ ಸಮಾರಂಭದಲ್ಲಿ ನಿರೂಪಕರು ‘ಶಬೂಝಿ’ ಎಂಬ ಹೆಸರಿನ ಮೇಲೆ ತಮಾಷೆ ಮಾಡಿದರು. ಬೇರೊಂದು ಪ್ರಶಸ್ತಿ ಸ್ವೀಕರಿಸಲು ಬಂದ ನಿರ್ಮಾಪಕರೊಬ್ಬರೂ ಆ ಹೆಸರನ್ನು ಎಳೆದು ಮಾತಿನ ಚಮತ್ಕಾರ ಮಾಡಿದರು. ಹೆಸರಿನ ಒಡೆಯ ಎದುರಿಗೇ ಕುಳಿತಿದ್ದರು. ಅವರ ಮನೆತನದ ಹೆಸರು ಚಿಬುಯೆಝೆ. ತಂದೆತಾಯಿ ನೈಜೀರಿಯಾದವರು. ಶಾಲೆಯಲ್ಲಿ ಫುಟ್‌ಬಾಲ್ ಕೋಚ್ ಆ ಹೆಸರನ್ನು ಸರಿಯಾಗಿ ಹೇಳಲಾರದೆ ಕೆಡಿಸಿದ್ದೇ ‘ಶಬೂಝಿ’. ಅವರು ಅದನ್ನೇ ಎತ್ತಿಕೊಂಡು ಜಗತ್ತಿಗೆ ಕೇಳಿಸುವ ಹಾಗೆ ಮಾಡಿದರು.

ಗಡಿಯಲ್ಲಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕೆ? ಮನೆಯಲ್ಲಿ ಒಂದು ಹೆಸರು, ಇನ್ನೊಂದು ಲಿಪಿಗೆ ಹೋಗಿ ಬಂದ ಹಾಜರಿಪಟ್ಟಿಯಲ್ಲಿ ಮತ್ತೊಂದು, ರೇಷನ್ ಕಾರ್ಡಿನಲ್ಲಿ ಮೂರನೆಯದು. ಇಲ್ಲಿಯವರು “ನೀವು ಕನ್ನಡದವರು” ಎನ್ನುತ್ತಾರೆ, ಅಲ್ಲಿಗೆ ಹೋದರೆ “ನಿಮ್ಮ ಕನ್ನಡ ಬೇರೆ ಥರ” ಎಂದು ನಗುತ್ತಾರೆ. ನೀನು ಈ ಮನೆಯವನೇ ಹೌದೇ ಎಂಬ ಪ್ರಶ್ನೆ ಎಷ್ಟು ನೋಯುತ್ತದೆ ಎಂದು ನಮಗೆ ಗೊತ್ತು. ಆ ಪ್ರಶ್ನೆಗೆ ಜಗಳವಾಡದೆ, ಒಂದು ಹಾಡಿನಿಂದ ಉತ್ತರ ಕೊಟ್ಟವರು ಇವರು.

ಚಿಬುಯೆಝೆ ಎಂದರೆ ಇಗ್ಬೊ ಭಾಷೆಯಲ್ಲಿ ‘ದೇವರೇ ಅರಸ’. ವೇದಿಕೆಯ ಮೇಲೆ ನಗೆಗೀಡಾದದ್ದು ಆ ಹೆಸರು. ಈ ಬಾರಿ ಫಲಿತಾಂಶ ಬರುವುದು ಕ್ರಿಸ್ತರಾಜರ ಹಬ್ಬದ ವಾರದಲ್ಲೇ.

ಆದ್ದರಿಂದ ನಮ್ಮ ಮಾತು ದಾಖಲಾಗಿರಲಿ. ಊಹೆ: ಝ್ಯಾಕ್ ಟಾಪ್. ತೀರ್ಪು: ಶಬೂಝಿ. 20ರ ಬೆಳಿಗ್ಗೆ ನಮ್ಮ ಊಹೆ ಸರಿಯಾದರೆ ದಯವಿಟ್ಟು ಬಂದು ಅಭಿನಂದಿಸಬೇಡಿ. ಅದು ಸುಳ್ಳಾಗಲಿ ಎಂದೇ ಕಾಯುತ್ತಿದ್ದೇವೆ.