ಸುಟ್ಟ ಸಾಕೆಟ್ಟಿನ ಸಾಕ್ಷ್ಯ

ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ಸಂಜೆಯೊಂದು ಕಳೆದು ಬೆಳಗಾದಾಗ, ತಾಮ್ರದ ತಂತಿಯ ದೂರವಾಣಿ ಇನ್ನೂ ಉಳಿದಿರುವ ಮಲೆನಾಡಿನ ಮನೆಗಳಲ್ಲಿ ಈ ದೃಶ್ಯ ಕಾಣಸಿಗುವುದುಂಟು. ದೂರವಾಣಿ ಮೂಕವಾಗಿರುತ್ತದೆ, ಗೋಡೆಯ ಸಾಕೆಟ್ಟಿನ ಸುತ್ತ ಸುಣ್ಣದ ಮೇಲೆ ಮಸಿ ಹತ್ತಿರುತ್ತದೆ, ಒಳಗಿನ ತೆಳುತಂತಿಗಳು ಕರಗಿ ತುಂಡಾಗಿರುತ್ತವೆ. ಮನೆಯವರು ಪೇಟೆಯಿಂದ ಹೊಸ ಸಾಕೆಟ್ಟನ್ನು ತಂದು ಕೂರಿಸುತ್ತಾರೆ. ಮುಂದಿನ ವರ್ಷ ಅದೂ ಸುಡುತ್ತದೆ. ನಮ್ಮ ಮನೆಯಲ್ಲಿ ಎರಡು ಸಾಕೆಟ್ಟುಗಳು ಹೀಗೆ ಹೋದ ಮೇಲೆ ನನಗೆ ತೋರಿದ್ದು ಇಷ್ಟು: ಕಾರಣವನ್ನು ಹುಡುಕದೆ ಸಾಕೆಟ್ಟನ್ನು ಬದಲಾಯಿಸುವುದು ದುರಸ್ತಿಯೇ ಅಲ್ಲ.

ದೂರವಾಣಿಯ ಜೋಡಿ ತಂತಿ ಸ್ವಭಾವತಃ ಸಾಧು. ಸುಮ್ಮನಿರುವಾಗ ಅದರಲ್ಲಿರುವುದು ಸುಮಾರು 48 ವೋಲ್ಟುಗಳ ಏಕಮುಖ ವಿದ್ಯುತ್ತು. ಗಂಟೆ ಬಾರಿಸುವಾಗ ಸುಮಾರು 75ರಿಂದ 90 ವೋಲ್ಟುಗಳ ಪರ್ಯಾಯ ವಿದ್ಯುತ್ತು. ಇಷ್ಟರಿಂದ ಗೋಡೆ ಕಪ್ಪಾಗದು. ಹಾಗಾದರೆ ಸಿಡಿಲು ದೂರವಾಣಿಯ ತಂತಿಗೇ ಬಡಿಯಿತೆ? ಬಡಿದಿರಬಹುದು. ಆದರೆ ಇನ್ನೊಂದು ದಾರಿಯೂ ಉಂಟು. ಅದನ್ನು ಯಾರೂ ಶಂಕಿಸುವುದಿಲ್ಲ.

ಸಿಡಿಲಿನ ಪ್ರವಾಹ ಸಾಧಾರಣವಾಗಿ 30,000 ಆಂಪಿಯರುಗಳಷ್ಟು. ಅದು ವಿದ್ಯುತ್ ಕಂಬದ ತಂತಿಗೆ ಬಿದ್ದು, ಹತ್ತರಲ್ಲೊಂದು ಪಾಲು ನಮ್ಮ ಮನೆಯ ಅರ್ತಿಂಗ್ ಗುಂಡಿಯ ಮೂಲಕ ನೆಲಕ್ಕಿಳಿಯಿತೆಂದು ಎಣಿಸೋಣ. ಗುಂಡಿಯ ರೋಧ 10 ಓಮ್ ಆಗಿದ್ದರೆ, ನೀವು ತರಗತಿಯಲ್ಲಿ ಕಲಿತ ಓಮನ ನಿಯಮದಂತೆ 3,000ವನ್ನು 10ರಿಂದ ಗುಣಿಸಿ ನೋಡಿರಿ. ಕ್ಷಣಾರ್ಧಕ್ಕಿಂತಲೂ ಕಡಿಮೆ ಕಾಲ ಮನೆಯ ವಿದ್ಯುತ್ ವ್ಯವಸ್ಥೆಯೆಲ್ಲ ದೂರದ ನೆಲಕ್ಕಿಂತ 30,000 ವೋಲ್ಟು ಮೇಲೇರಿ ನಿಂತಿತು! ದೂರವಾಣಿಯ ತಂತಿಯಾದರೋ ಆ ದೂರದ ನೆಲದ ವಿಭವವನ್ನೇ ಹೊತ್ತು ಮನೆಯೊಳಗೆ ಬಂದಿದೆ. ಇವೆರಡೂ ಮುಖಾಮುಖಿಯಾಗುವುದು ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ. ಅದರ ಒಂದು ಕಾಲು 230 ವೋಲ್ಟಿನ ಪ್ಲಗ್ಗಿನಲ್ಲಿ, ಇನ್ನೊಂದು ದೂರವಾಣಿಯ ಸಾಕೆಟ್ಟಿನಲ್ಲಿ. ವಿದ್ಯುತ್ತು ಅಲ್ಲಿ ನೆಗೆದು ಸಾಕೆಟ್ಟಿನ ಮೂಲಕ ಹೊರಟುಹೋಗುತ್ತದೆ. ಸುಟ್ಟ ಸಾಕೆಟ್ಟು, ಕಳ್ಳ ನುಗ್ಗಿದ ಬಾಗಿಲಾಗಿರದೆ ಅವನು ಓಡಿಹೋದ ಹಿತ್ತಿಲ ಬಾಗಿಲೂ ಆಗಿರಬಹುದು.

ಇಷ್ಟು ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತದೆ. ದೂರವಾಣಿಯ ತಂತಿ ಮನೆಯನ್ನು ಹೊಗುವೆಡೆಯಲ್ಲಿ ಅನಿಲ ತುಂಬಿದ ರಕ್ಷಕ ನಳಿಕೆಯೂ ಮೀಟರಿನ ಬಳಿ ಇನ್ನೊಂದು ರಕ್ಷಕವೂ ಇರಬೇಕು; ಎರಡರ ಭೂತಂತಿಗಳೂ ಒಂದೆಡೆ ಕೂಡಬೇಕು. ಆಗ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ನೆರೆಯಲ್ಲಿ ಒಂದಕ್ಕೊಂದು ಕಟ್ಟಿದ ಎರಡು ದೋಣಿಗಳಂತೆ. ದೂರವಾಣಿಗೆ ಬೇರೆಯೇ ಗುಂಡಿ ಬೇಕೆಂದು ಹಟ ಹಿಡಿಯುವ ಕೆಲಸಗಾರರನ್ನು ಕಂಡಿದ್ದೇನೆ. ಬೇರೆಯಾಗಿಟ್ಟರೆ ಅಪಾಯವೂ ದೂರವಿರುತ್ತದೆಂಬುದು ಅವರ ನಂಬಿಕೆ. ಮೇಲಿನ ಲೆಕ್ಕ ಅದಕ್ಕೆ ತದ್ವಿರುದ್ಧವಾಗಿದೆ. ಗುಂಡಿಗೆ ಉಪ್ಪು, ಇದ್ದಿಲು ಸುರಿದು ರೋಧವನ್ನು 1 ಓಮಿಗೆ ಇಳಿಸಿದರೂ 3,000 ವೋಲ್ಟು ಉಳಿದೇ ಉಳಿಯುತ್ತದೆ. ಪ್ಲಗ್ಗಿಗೆ ಮಾತ್ರ ಹಾಕುವ ಸ್ಪೈಕ್ ಬಸ್ಟರ್ ಮೋಡೆಮಿನ ಒಂದು ಕಾಲನ್ನಷ್ಟೇ ಕಾಯುತ್ತದೆ.

ಸಾಕೆಟ್ಟು ಕಪ್ಪಾದುದನ್ನು ಕಂಡೊಡನೆ ತಿರುಪುಳಿ ಹಿಡಿದು ಓಡಬೇಡಿರಿ. ಎಲ್ಲಿಯೋ ಹರಿದುಬಿದ್ದ ಕಂಬದ ತಂತಿ ದೂರವಾಣಿಯ ತಂತಿಗೆ ತಗಲಿಕೊಂಡಿರಲೂಬಹುದು. ಮೇನ್ ಸ್ವಿಚ್ಚನ್ನು ಆರಿಸಿ, ಸಾಕೆಟ್ಟನ್ನು ಮುಟ್ಟದೆ, ಲೈನ್‌ಮನ್ನನಿಗೆ ಹೇಳಿಕಳುಹಿಸಬೇಕು. ಭೂತಂತಿಗಳನ್ನು ಕೂಡಿಸುವುದೂ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನ ಕೆಲಸವೇ. ನಿಮ್ಮ ಪಾಲಿಗೆ ಉಳಿಯುವುದು ನೋಡುವ ಕೆಲಸ: ರಕ್ಷಕದಿಂದ ಹೊರಟ ಭೂತಂತಿ ಎಲ್ಲಿಗೆ ಹೋಗಿ ಮುಗಿಯುತ್ತದೆಂದು ಗೋಡೆಗುಂಟ ಕಣ್ಣು ಹಾಯಿಸಿರಿ. ನಮ್ಮ ಮನೆಯಲ್ಲಿ ಅದು ಹೋಗಿ ಮುಗಿದದ್ದು ಕಿಟಕಿಯ ಸರಳಿನಲ್ಲಿ. ನಾಲ್ಕು ಸುತ್ತು ಸುತ್ತಿ, ಮೇಲೆ ಬಣ್ಣವನ್ನೂ ಬಳಿದಿದ್ದರು.