ಸ್ಕ್ಯಾನಿಂಗ್ ಬೆಂಚಿನ ಮೇಲೆ ಕೂತ ಹುಡುಗಿಯರ ಪರವಾಗಿ



ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕ್ಲಿನಿಕ್ಕು, ಮೆಡಿಕಲ್ ಶಾಪುಗಳಿಗೆ ಬರವಿಲ್ಲ. ಭದ್ರಾವತಿ, ತೀರ್ಥಹಳ್ಳಿ, ಹೊಸನಗರದಿಂದ ಬೆಳಗಿನ ಬಸ್ಸು ಹಿಡಿದು ಬಂದವರು ಸ್ಕ್ಯಾನಿಂಗ್‌ಗೆ ಕಾದು ಕೂರುವುದು ನಮಗೆಲ್ಲ ಗೊತ್ತಿರುವುದೇ. ಆ ಸಾಲಿನಲ್ಲಿ ಹದಿನೈದು ಹದಿನಾರರ ಹುಡುಗಿಯೂ ಇರುತ್ತಾಳೆ. ಬಸುರಿಯರ ನಡುವೆ, ನೀರಿನ ಬಾಟಲಿ ಖಾಲಿ ಮಾಡಿ, ಮೂತ್ರ ತಡೆದುಕೊಂಡು. ಗೋಡೆಯ ಮೇಲೆ ‘ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು. ಪಕ್ಕದವರ ಕಣ್ಣು ಅವಳ ಹೊಟ್ಟೆಯ ಮೇಲೆ.

ಅವಳಿಗೆ ಇನ್ನೂ ಮುಟ್ಟಾಗಿಲ್ಲ, ಅಷ್ಟೇ. ಅಥವಾ ತಿಂಗಳಿಗೊಮ್ಮೆ ಹೊಟ್ಟೆ ಹಿಂಡುತ್ತದೆ, ರಕ್ತ ಕಾಣುವುದಿಲ್ಲ. ಯೋನಿಯ ದಾರಿ ಹುಟ್ಟಿನಿಂದಲೇ ಮುಚ್ಚಿದ್ದರೆ ಮುಟ್ಟಿನ ರಕ್ತ ಒಳಗೇ ತುಂಬುತ್ತದೆ. ಕೆಲವರಿಗೆ ಮೂತ್ರವೇ ಕಟ್ಟುತ್ತದೆ. ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಗರ್ಭಕೋಶವೇ ಬೆಳೆದಿರುವುದಿಲ್ಲ. ಅಂಡಾಶಯ ಸರಿಯಿರುವುದರಿಂದ ಮೈಕಟ್ಟು ಎಲ್ಲರಂತೆಯೇ ಇರುತ್ತದೆ. ಯಾರಿಗೆ ಅನುಮಾನ ಬರಬೇಕು?

ಹೀಗೆ ವರ್ಷಗಳು ಹೋಗುತ್ತವೆ. ಗ್ಯಾಸ್ಟ್ರಿಕ್ ಮಾತ್ರೆ, ಹಾರ್ಮೋನ್ ಮಾತ್ರೆ, ಹರಕೆ. ‘ಅವಳ ಚಿಕ್ಕಮ್ಮನೂ ತಡವಾಗಿಯೇ ದೊಡ್ಡವಳಾಗಿದ್ದು’ ಎಂಬ ಸಮಾಧಾನ. ಕೆಲವು ಮನೆಗಳಲ್ಲಿ ಮದುವೆಯೂ ಆಗಿಹೋಗುತ್ತದೆ. ಆಮೇಲೆ ಮೋಸ ಮಾಡಿದಳೆಂಬ ಅಪವಾದ ಹೊರುವವಳೂ ಅವಳೇ.

ಹೊಟ್ಟೆಯ ಮೇಲಿನಿಂದ ಮಾಡುವ ಅಲ್ಟ್ರಾಸೌಂಡ್ ಮೊದಲ ಹೆಜ್ಜೆ. ತಡೆ ಎಲ್ಲಿದೆ, ಎಷ್ಟು ದಪ್ಪವಿದೆ ಎಂಬುದು ಸ್ಪಷ್ಟವಾಗಲು ಬಹಳ ಸಲ ಎಂಆರ್‌ಐ ಬೇಕು. ಎರಡರಲ್ಲೂ ವಿಕಿರಣದ ಭಯವಿಲ್ಲ. ಕಿಡ್ನಿಯನ್ನಂತೂ ನೋಡಲೇಬೇಕು. ಎರಡು ಗರ್ಭಕೋಶವಿದ್ದು ಒಂದು ಬದಿ ಮಾತ್ರ ಮುಚ್ಚಿದ್ದರೆ ಮುಟ್ಟು ಬರುತ್ತಲೇ ಇರುತ್ತದೆ, ನೋವೂ ಇರುತ್ತದೆ. ಸಾಮಾನ್ಯವಾಗಿ ಆ ಬದಿಯ ಕಿಡ್ನಿಯೇ ಇರುವುದಿಲ್ಲ. ಆದರೆ ಕೈಗೆ ಬರುವ ರಿಪೋರ್ಟಿನಲ್ಲಿ ‘ಗರ್ಭಕೋಶ ಚಿಕ್ಕದಿದೆ’ ಎಂಬ ಒಂದು ಸಾಲಿದ್ದರೆ ಹೆಚ್ಚು. ಎಂಆರ್‌ಐಗೆ ಬರೆದುಕೊಟ್ಟರೆ ಖಾಸಗಿಯಲ್ಲಿ ಸಾವಿರಗಟ್ಟಲೆ ಖರ್ಚು, ಇಲ್ಲವೇ ಸರದಿ.

ರಸ್ತೆಯ ಗುಂಡಿಗಾದರೆ ನಾಲ್ಕು ಜನ ಸೇರಿ ಕೂಗಬಹುದು. ಮಗಳ ಈ ಸಂಗತಿ ಹಿಡಿದು ಯಾವ ತಾಯಿ ಬೀದಿಯಲ್ಲಿ ನಿಲ್ಲುತ್ತಾಳೆ? ಆ ಸಂಕೋಚವೇ ಆರೋಗ್ಯ ಇಲಾಖೆಯ ಮೇಲಿನವರಿಗೆ ಅನುಕೂಲವಾಗಿದೆ. ದೂರೇ ಇಲ್ಲವೆಂದು ಸುಮ್ಮನಿದ್ದಾರೆ. ಇದು ಉದಾಸೀನ, ಬೇರೆ ಹೆಸರು ಬೇಡ.

ಹುಡುಗಿಯರಿಗೆ ಪ್ರತ್ಯೇಕ ಸಮಯ, ಮಹಿಳಾ ಸಿಬ್ಬಂದಿ, ಬಡವರಿಗೆ ಕಾಯಿಸದೆ ಉಚಿತ ಎಂಆರ್‌ಐ ಕೊಡಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಓದುಗರೇ, ಮಗಳಿಗೆ 15 ತುಂಬಿಯೂ ಮುಟ್ಟಾಗದಿದ್ದರೆ ಕಾಯಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ತಿಂಗಳ ನೋವಿದ್ದರೆ ಅಷ್ಟು ವಯಸ್ಸಿಗೂ ಕಾಯಬೇಡಿ. ಸ್ಕ್ಯಾನಿಂಗ್ ಮಾಡಿದವರನ್ನು ಕಿಡ್ನಿ ನೋಡಿದಿರಾ ಎಂದು ಬಾಯಿಬಿಟ್ಟು ಕೇಳಿ.