ಅಹಿಂಸೆ ಬೋಧಿಸುವ ಹಕ್ಕು ಯಾರಿಗಿದೆ?

1859ರಲ್ಲಿ ಅಮೆರಿಕದ ಜಾನ್ ಬ್ರೌನ್ ಗುಲಾಮರ ಕೈಗೆ ಆಯುಧ ಕೊಡಲೆಂದು ಹಾರ್ಪರ್ಸ್ ಫೆರಿಯ ಶಸ್ತ್ರಾಗಾರಕ್ಕೆ ನುಗ್ಗಿ, ಸೆರೆಸಿಕ್ಕು ನೇಣಿಗೇರಿದ. ಅವನನ್ನು ಬಹಿರಂಗವಾಗಿ ಸಮರ್ಥಿಸಿದವರಲ್ಲಿ ಗಾಂಧೀಜಿ ಗೌರವಿಸುತ್ತಿದ್ದ ಲೇಖಕ ಥೋರೋ ಕೂಡ ಒಬ್ಬ. ಮನುಷ್ಯರನ್ನು ಮಾರುವ, ಓಡಿಹೋದವರನ್ನು ಹಿಡಿದು ತರುವ ವ್ಯವಸ್ಥೆಯೇ ಮೊದಲ ಹಿಂಸೆ. ಅದನ್ನು ಎದುರಿಸಿದವರು ಹಿಂಸೆ ಹುಟ್ಟುಹಾಕಿದವರಲ್ಲ. ಗುಲಾಮಗಿರಿಯ ವಿರುದ್ಧ ಆಯುಧ ಹಿಡಿದವರ ನ್ಯಾಯ ಇದು. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಕಪ್ಪು ಜನರು ಪೌರರಾಗಲಾರರು ಎಂದಿತ್ತು. ಮತವೂ ಇಲ್ಲ, ನ್ಯಾಯಾಲಯವೂ ಇಲ್ಲ ಎಂದಾದ ಮೇಲೆ ತಾಳ್ಮೆ ಬೋಧಿಸುವವನು ಯಜಮಾನನ ಪರ ನಿಂತಂತೆಯೇ. ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಬೇರೆ ದಾರಿಗಳೆಲ್ಲ ಮುಚ್ಚಿದ್ದಲ್ಲಿ ಮಾತ್ರ ಅದು ನಿಲ್ಲುತ್ತದೆ.

ಈ ಮಾತನ್ನು ನಮ್ಮ ಮಲೆನಾಡಿನಲ್ಲೇ ಪರೀಕ್ಷಿಸಬಹುದು. ಮನೆಯಲ್ಲಿ ಹುಟ್ಟಿ ಅಲ್ಲೇ ದುಡಿದು ಸಾಯುವ ಹುಟ್ಟಾಳು, ಜಮೀನಿನ ಜೊತೆಗೇ ಮಾರಾಟವಾಗುವ ಮಣ್ಣಾಳು ಇಲ್ಲಿದ್ದರೆಂದು ಬ್ರಿಟಿಷ್ ಅಧಿಕಾರಿ ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ದಾಖಲಿಸಿದೆ. 1830ರಲ್ಲಿ ಕಂದಾಯದ ದಬ್ಬಾಳಿಕೆಯ ವಿರುದ್ಧ ಇದೇ ಮಲೆನಾಡಿನ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆಯೆದ್ದರು. ಅವರ ಕೈಯಲ್ಲಿ ಮತಪತ್ರವಿರಲಿಲ್ಲ. ಅವರನ್ನು ದೂಷಿಸುವುದು ಸಲ್ಲದು. ಆದರೂ 1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷರ ಕೈಸೇರಿತೇ ಹೊರತು ಮಣ್ಣಾಳು ಬಿಡುಗಡೆಯಾಗಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಭೂಒಡೆಯರು ಗೇಣಿಯ ಭತ್ತ ಅಳೆಯುತ್ತಿದ್ದ ದೊಡ್ಡ ಕೊಳಗವನ್ನು ಪ್ರಶ್ನಿಸಿ, ನೇಗಿಲು ಹಿಡಿದು ಗದ್ದೆಗಿಳಿದು ಜೈಲು ಸೇರಿದರು. ಬೆಂಬಲಿಸಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾರನ್ನೂ ಬಂಧಿಸಲಾಯಿತು. ಮರುವರ್ಷವೇ ಈ ಹೋರಾಟದಲ್ಲಿದ್ದ ಸಮಾಜವಾದಿ, ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರನ್ನು ಸಾಗರ–ಹೊಸನಗರದ ಜನ ವಿಧಾನಸಭೆಗೆ ಕಳಿಸಿದರು. ಉಳುವವನಿಗೆ ಭೂಮಿ ಏಕಿಲ್ಲ ಎಂದು ಕಾಗೋಡು ಎತ್ತಿದ ಪ್ರಶ್ನೆಗೆ ಮುಖ್ಯಮಂತ್ರಿ ದೇವರಾಜ ಅರಸರು ಭೂಸುಧಾರಣಾ ಕಾಯ್ದೆಗೆ ತಂದ 1974ರ ತಿದ್ದುಪಡಿಯಲ್ಲಿ ಉತ್ತರ ಸಿಕ್ಕಿತು.

ಎರಡು ದಶಕ ಕಾಯಿಸಿದ ಅಹಿಂಸೆ ಎಂಥದ್ದು ಎಂದು ಕೇಳುವವರಿದ್ದಾರೆ. ಜೀತ ನಿಷೇಧಿಸಿದ 1976ರ ಕಾಯ್ದೆಯ ನಂತರವೂ ಜೀತ ಉಳಿಯಿತಲ್ಲ, ಹಾಗಾದರೆ ಈ ಕಾಡುಗಳಲ್ಲಿ ನಕ್ಸಲರು ಬಂದೂಕು ಹಿಡಿದದ್ದು ತಪ್ಪೇ ಎಂದೂ ಕೇಳುತ್ತಾರೆ. ತಪ್ಪೇ ಎನ್ನುತ್ತೇನೆ. ಓಡಿಹೋದ ಗುಲಾಮನನ್ನು ಯಜಮಾನನಿಗೆ ಒಪ್ಪಿಸಬೇಕೆಂದಿದ್ದ ಅಮೆರಿಕದ ಕಾನೂನು ಬೇರೆ, ಜೀತಗಾರನನ್ನು ಬಿಡಿಸಬೇಕೆಂದಿದ್ದೂ ಜಾರಿಯಾಗದ ನಮ್ಮ ಕಾನೂನು ಬೇರೆ. ಎರಡನೆಯದನ್ನು ಜನ ಒಟ್ಟುಗೂಡಿ ಜಾರಿ ಮಾಡಿಸಬಹುದು. ಬಂದೂಕು ಬಂದಲ್ಲಿ ಆ ಒಟ್ಟುಗೂಡುವಿಕೆಯೇ ಅಪರಾಧವಾಗುತ್ತದೆ. ಪೊಲೀಸರ ಅನುಮಾನಕ್ಕೆ ಮೊದಲು ಗುರಿಯಾಗುವವರೂ ಬಡವರೇ. ಹಾಗೆಂದು ಸರ್ಕಾರ ನಿರಾಳವಾಗುವಂತಿಲ್ಲ. ಭೂಮಿಯ ಅರ್ಜಿಗಳನ್ನು ಕೊಳೆಯಲು ಬಿಟ್ಟು, ಕೂಲಿಯ ದೂರುಗಳಿಗೆ ಕಿವುಡಾಗುವ ಆಡಳಿತಕ್ಕೆ ಅಹಿಂಸೆ ಬೋಧಿಸುವ ಹಕ್ಕಿಲ್ಲ. ಆ ಹಕ್ಕನ್ನು ಅದು ನ್ಯಾಯ ಕೊಟ್ಟೇ ಗಳಿಸಬೇಕು.